ನೆರವಿನ ಪಟ್ಟಿಯನ್ನು ದಾನಿಗಳಿಗೆ ಕೊಡಬಹುದೇ?

ಪ್ರಶ್ನೆ: ನಮ್ಮದು ಬದಿಯಡ್ಕ ಕಡೆಯ ಒಂದು ಯುವಕ ಸಂಘ. ಆರು ವರ್ಷಗಳಿಂದ ಸುತ್ತಲಿನ ಮೂರು ವಾರ್ಡುಗಳ 140 ಮನೆಗಳಿಗೆ ತಿಂಗಳ ದಿನಸಿ, ಹಾಸಿಗೆ ಹಿಡಿದವರಿಗೆ ಔಷಧ, ಮಳೆಗಾಲದಲ್ಲಿ ನೀರು ನುಗ್ಗಿದ ಮನೆಗಳಿಗೆ ಬಟ್ಟೆ, ಪಾತ್ರೆ ಇತ್ಯಾದಿ ಒದಗಿಸುತ್ತಿದ್ದೇವೆ. ಇವರಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದವರೂ ಇದ್ದಾರೆ. ಹೆಸರು, ಆಧಾರ್ ಸಂಖ್ಯೆ, ಕಾಯಿಲೆ, ಫೋನ್ ಸಂಖ್ಯೆ ಎಲ್ಲವೂ ಒಂದೇ ಗೂಗಲ್ ಶೀಟಿನಲ್ಲಿದ್ದು, ಅದರ ಲಿಂಕ್ 60 ಮಂದಿಯ ನಮ್ಮ ವಾಟ್ಸಾಪ್ ಗುಂಪಿನಲ್ಲಿದೆ. ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೆಲವು ಮನೆಗಳಿಗೆ "ಚಿಕಿತ್ಸೆಯ ಹಣ ಮಂಜೂರಾಗಿದೆ, ಒಟಿಪಿ ಹೇಳಿ" ಎಂದು ಕರೆ ಬಂತು. ಕರೆ ಮಾಡಿದವರಿಗೆ ರೋಗಿಯ ಹೆಸರೂ ಕಾಯಿಲೆಯೂ ಗೊತ್ತಿತ್ತು. ಒಬ್ಬ ತಾಯಿ 8,000 ರೂಪಾಯಿ ಕಳೆದುಕೊಂಡರು. ಈಗ ದೊಡ್ಡ ಮೊತ್ತ ಕೊಡಲು ಬಂದ ಒಂದು ಕಂಪನಿಯವರು ಇಡೀ ಪಟ್ಟಿ, ಆಧಾರ್ ಪ್ರತಿ, ಫಲಾನುಭವಿಗಳ ಫೋಟೋ ಕೇಳುತ್ತಿದ್ದಾರೆ. ಕೊಡಬಹುದೇ? ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಬಂದ ಹೊಸ ಕಾನೂನು ನಮ್ಮಂಥ ಸಣ್ಣ ಸಂಘಕ್ಕೂ ಅನ್ವಯಿಸುತ್ತದೆಯೇ?
ಕಾರ್ಯದರ್ಶಿ, ಕಾಸರಗೋಡು ಜಿಲ್ಲೆ

ಉತ್ತರ: ಇಡೀ ಪಟ್ಟಿಯನ್ನು ಕೊಡಬೇಡಿ; ಆಧಾರ್ ಪ್ರತಿಗಳನ್ನಂತೂ ಯಾವ ಕಾರಣಕ್ಕೂ ಕೊಡಬೇಡಿ. ಹಾಗೆಂದು ಕಂಪನಿಯವರು ಕೊಡಬಂದ ಹಣವನ್ನು ಬಿಡಬೇಕಾಗಿಯೂ ಇಲ್ಲ. ಅವರಿಗೆ ನಿಜವಾಗಿ ಬೇಕಾಗಿರುವುದೇನು, ಅದನ್ನು ಬೇರೆ ಯಾವ ರೂಪದಲ್ಲಿ ಕೊಡಬಹುದು ಎಂಬುದನ್ನು ಮುಂದೆ ವಿವರಿಸುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ದಾನಿಗಳ ಬೇಡಿಕೆಯಲ್ಲ, ಆಟಿಯಲ್ಲಿ ಬಂದ ಆ ಫೋನ್ ಕರೆ. ಕರೆ ಮಾಡಿದವನಿಗೆ ರೋಗಿಯ ಹೆಸರಿನೊಡನೆ ಕಾಯಿಲೆಯೂ ತಿಳಿದಿತ್ತೆಂದರೆ, ಅದು ಬೇರೆ ದಾರಿಯಿಂದ ತಿಳಿದಿರಬಹುದೆಂಬುದನ್ನು ಅಲ್ಲಗಳೆಯದೆಯೂ, ನಿಮ್ಮ ಪಟ್ಟಿ ಹೊರಗೆ ಹೋಗಿದೆ ಎಂದೇ ಎಣಿಸಿ ಮುಂದಿನ ಕೆಲಸಕ್ಕೆ ಇಳಿಯುವುದು ಕ್ಷೇಮ.

ಹೋದದ್ದು ಯಾರಿಂದ ಎಂದು 60 ಮಂದಿಯ ನಡುವೆ ವಿಚಾರಣೆ ಹೂಡಬೇಡಿ. ನಾನು ಕಂಡ ಮಟ್ಟಿಗೆ ಇಂಥ ಪಟ್ಟಿಗಳು ಹೊರಹೋಗುವುದು ಕೆಡುಕಿನಿಂದಲ್ಲ, ಉಪಕಾರ ಮಾಡುವ ಆತುರದಿಂದ. ದುಬಾಯಿಯಲ್ಲಿರುವ ಅಣ್ಣ ಡಯಾಲಿಸಿಸಿನ ಖರ್ಚಿಗೆ ಏನಾದರೂ ಕೊಟ್ಟಾನು ಎಂದು ಒಬ್ಬರು ಶೀಟಿನ ಸ್ಕ್ರೀನ್‌ಶಾಟ್ ತೆಗೆದು ಕಳುಹಿಸುತ್ತಾರೆ. ಅಣ್ಣ ಅದನ್ನು ತನ್ನ ಊರವರ ಗುಂಪಿಗೆ ಹಾಕುತ್ತಾನೆ. ಅಲ್ಲಿಂದ ಮುಂದಿನದನ್ನು ದೇವರೇ ಬಲ್ಲ. ಇನ್ನೊಬ್ಬರು ಪ್ರಿಂಟ್ ತೆಗೆಯುವುದಕ್ಕಾಗಿ ಪೇಟೆಯ ಅಂಗಡಿಯ ಕಂಪ್ಯೂಟರಿನಲ್ಲಿ ತಮ್ಮ ವಾಟ್ಸಾಪ್ ತೆರೆದು, ಬಸ್ಸಿಗೆ ಹೊತ್ತಾಯಿತೆಂದು ಮುಚ್ಚದೆಯೇ ಎದ್ದು ಬರುತ್ತಾರೆ. ಮತ್ತೊಬ್ಬರು ಹಳೆಯ ಫೋನನ್ನು ಅದರೊಳಗಿನ ಗ್ಯಾಲರಿಯ ಸಮೇತ ಮಾರುತ್ತಾರೆ. ಅಲ್ಲದೆ, 'ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು' ಎಂಬ ವ್ಯವಸ್ಥೆಯಲ್ಲಿ ನೀವು ಶೀಟನ್ನು ಇಟ್ಟಿದ್ದರೆ, ಎರಡು ವರ್ಷದ ಹಿಂದೆ ಜಗಳವಾಡಿ ಗುಂಪು ಬಿಟ್ಟವರೂ ಇಂದು ಬೆಳಗ್ಗೆ ನೀವು ಸೇರಿಸಿದ ಹೆಸರನ್ನು ಕುಳಿತಲ್ಲಿಂದ ಓದಬಲ್ಲರು. ಗುಂಪಿನಿಂದ ತೆಗೆದುಹಾಕಿದರೆ ಎಲ್ಲವೂ ಮುಗಿಯಿತು ಎಂದು ನಂಬಿರುವ ಸಂಘಗಳು ಬಹಳ.

ಇದು ಸಣ್ಣವರ ಅಜ್ಞಾನ ಮಾತ್ರವೆಂದು ಬೇಸರಿಸಬೇಕಾಗಿಲ್ಲ. ಜಿನೀವಾದ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯು ತನ್ನ ಸರ್ವರುಗಳಿಗೆ ಯಾರೋ ನುಗ್ಗಿದ್ದಾರೆಂದು 2022ರ ಜನವರಿಯಲ್ಲಿ ಪ್ರಕಟಿಸಬೇಕಾಯಿತು. ಯುದ್ಧ, ವಿಕೋಪ, ವಲಸೆಗಳಲ್ಲಿ ಮನೆಯವರಿಂದ ಬೇರ್ಪಟ್ಟವರು, ಕಾಣೆಯಾದವರು, ಸೆರೆಯಲ್ಲಿರುವವರು ಸೇರಿ 5,15,000ಕ್ಕೂ ಹೆಚ್ಚು ಜನರ ವಿವರಗಳು ಅಲ್ಲಿದ್ದವು. ಕನಿಷ್ಠ 60 ರಾಷ್ಟ್ರೀಯ ಸಂಸ್ಥೆಗಳು ಸಂಗ್ರಹಿಸಿದ ಮಾಹಿತಿ ಅದಾಗಿತ್ತು. ಕುಟುಂಬಗಳನ್ನು ಮತ್ತೆ ಸೇರಿಸುವ ಕೆಲಸಕ್ಕೆ ಬಳಸುತ್ತಿದ್ದ ವ್ಯವಸ್ಥೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ನುರಿತ ತಂತ್ರಜ್ಞರಿದ್ದ ಕಡೆಯಲ್ಲಿಯೇ ಹೀಗಾಯಿತೆಂದರೆ, ಬೀಗವನ್ನು ಎಷ್ಟು ಗಟ್ಟಿ ಮಾಡಿದರೂ ಸಾಲದು, ಬೀಗದೊಳಗೆ ಇಡುವ ವಸ್ತುವನ್ನೇ ಕಡಿಮೆ ಮಾಡಬೇಕು ಎಂಬುದು ನನಗೆ ಮನದಟ್ಟಾದ ವಿಚಾರ. ಕೇಳದೇ ಇದ್ದ ಮಾಹಿತಿಯನ್ನು ಯಾರೂ ಕದಿಯಲಾರರು.

ಹಾಗಾಗಿ ಒಂದು ಭಾನುವಾರ ಸಮಿತಿಯ ನಾಲ್ಕೈದು ಮಂದಿ ಕುಳಿತು ನಿಮ್ಮ ಶೀಟಿನ ಒಂದೊಂದೇ ಕಲಮನ್ನು ಹಿಡಿದು, "ಇದು ಇಲ್ಲದಿದ್ದರೆ ದಿನಸಿ ತಲಪುವುದಿಲ್ಲವೇ?" ಎಂದು ಕೇಳಿಕೊಳ್ಳಿ. ಆಧಾರ್ ಸಂಖ್ಯೆ ಅಲ್ಲಿ ಏಕಿದೆ? ಹೆಚ್ಚಿನ ಕಡೆ ಸಿಗುವ ಉತ್ತರ, "ಎಲ್ಲರೂ ತೆಗೆದುಕೊಳ್ಳುತ್ತಾರೆ, ನಾವೂ ತೆಗೆದುಕೊಂಡೆವು" ಎಂಬುದು. ಒಂದೇ ಮನೆಗೆ ಎರಡು ಸಲ ಕಿಟ್ ಹೋಗಬಾರದೆಂಬುದು ಕಾರಣವಾದರೆ ಮನೆಗೊಂದು ಕ್ರಮಸಂಖ್ಯೆ ಕೊಟ್ಟರೆ ಸಾಕು. 140 ಮನೆಗಳ ನಡುವೆ ಒಬ್ಬರನ್ನು ಇನ್ನೊಬ್ಬರೆಂದು ತಪ್ಪು ತಿಳಿಯುವ ಭಯ ನಿಮಗಿಲ್ಲ. ಬಡತನದ ಆಧಾರ ಬೇಕೆಂದಾದರೆ ನಮ್ಮ ಕೇರಳದ ರೇಷನ್ ಕಾರ್ಡಿನ ಬಣ್ಣವೇ ಅದನ್ನು ಹೇಳುತ್ತದೆ. ಕಾರ್ಡನ್ನು ಕಣ್ಣಿನಿಂದ ನೋಡಿ, 'ಹಳದಿ, ನೋಡಲಾಗಿದೆ' ಅಥವಾ 'ಗುಲಾಬಿ, ನೋಡಲಾಗಿದೆ' ಎಂದು ಬರೆದು ಅಲ್ಲಿಯೇ ಹಿಂದಿರುಗಿಸಿ. ನೋಡುವುದು ಬೇರೆ, ಜೆರಾಕ್ಸ್ ತೆಗೆದಿಡುವುದು ಬೇರೆ. ಎಲ್ಲಿಯಾದರೂ ಗುರುತಿನ ಪ್ರತಿ ಅನಿವಾರ್ಯವೆಂದು ಕಂಡರೆ, 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಒದಗಿಸುತ್ತದೆ. ಕೇರಳ ಸರಕಾರದ ಆನ್‌ಲೈನ್ ಸೇವೆಗಳನ್ನು ಒದಗಿಸುವ ಅಕ್ಷಯ ಕೇಂದ್ರದಲ್ಲಿ ಕೇಳಿದರೆ ತೆಗೆದುಕೊಡುತ್ತಾರೆ.

ಇಲ್ಲಿ ಇನ್ನೊಂದು ಮಾತನ್ನು ವಿವರವಾಗಿಯೇ ಹೇಳಬೇಕು. ಸಾಮಾನು ಪಡೆದುದಕ್ಕೆ ರುಜುವಾತೆಂದು ಸಹಿ ಬಾರದ ಅಜ್ಜಿಯರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಹಳೆಯದು. ಹೆಬ್ಬೆಟ್ಟಿನ ಪಕ್ಕದಲ್ಲಿಯೇ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ; ಆ ಹಾಳೆಯ ಫೋಟೋ ಸಂಜೆಗೆ ಗುಂಪಿನಲ್ಲಿ. ಆಧಾರ್ ಆಧರಿಸಿದ ಪಾವತಿಯಲ್ಲಿ ಒಟಿಪಿಯ ಅಗತ್ಯವಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಖಾತೆಯಿಂದ ಹಣ ತೆಗೆಯಬಹುದು. ಆಸ್ತಿ ನೋಂದಣಿಗೆಂದು ಕೊಟ್ಟ ಆಧಾರ್ ಮತ್ತು ಬೆರಳಚ್ಚಿನ ಬೆನ್ನಿಗೆ ಖಾತೆಯಿಂದ ಹಣ ಹೋಯಿತೆಂದು 2023ರಲ್ಲಿ ಮಂಗಳೂರಿನಲ್ಲಿ ಜನರು ಪೊಲೀಸರಿಗೆ ದೂರು ಕೊಟ್ಟದ್ದು ನಿಮಗೂ ನೆನಪಿರಬಹುದು. ಕಾಗದದ ಮೇಲಿನ ಬೆರಳಚ್ಚಿನಿಂದ ನಕಲು ಮಾಡುವುದು ಎಲ್ಲರಿಂದ ಆಗುವ ಕೆಲಸವಲ್ಲ, ಆದರೆ ಆಗದ ಕೆಲಸವೂ ಅಲ್ಲ. ಹೆಬ್ಬೆಟ್ಟಿನ ಬದಲು ವಿತರಿಸಿದ ಇಬ್ಬರು ಕಾರ್ಯಕರ್ತರು 'ನಮ್ಮ ಎದುರು ಪಡೆದರು' ಎಂದು ಸಹಿ ಹಾಕಿದರೆ ನಿಮ್ಮ ಲೆಕ್ಕಕ್ಕೆ ಏನೂ ಕೊರತೆಯಾಗದು. ಗುರುತು ಬೇಕೇ ಬೇಕೆಂದರೆ ಪಡೆದವರು ಒಂದು ಗೀಟು ಎಳೆಯಲಿ.

ಜಾತಿ, ಮತದ ಕಲಮು ಇದ್ದರೆ ಇಂದೇ ಅಳಿಸಿ. ದಿನಸಿಗೂ ಅದಕ್ಕೂ ಸಂಬಂಧವಿಲ್ಲ, ಮತ್ತು ಊರಿನಲ್ಲಿ ಮಾತು ಬಿಗಿಯಾದ ದಿನಗಳಲ್ಲಿ ಮನೆಮನೆಯ ಇಂಥ ಪಟ್ಟಿ ಯಾರ ಕೈಯಲ್ಲಿರುವುದೂ ಒಳ್ಳೆಯದಲ್ಲ.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯಕ್ಕೆ, ಕಾಯಿಲೆಯ ಕಲಮಿಗೆ ಬರುತ್ತೇನೆ. ಹೆಸರನ್ನು ತೆಗೆದು ವಯಸ್ಸು, ಊರು, ಕಾಯಿಲೆ ಮಾತ್ರ ಇಟ್ಟರೆ ಗುರುತು ಮರೆಯಾಯಿತು ಎಂಬುದು ನಗರದಲ್ಲಿ ಬರೆದ ಸಲಹೆ. ಬೆಂಗಳೂರಿನಲ್ಲಿ 'ಹದಿನಾಲ್ಕು ವರ್ಷದ ಹುಡುಗಿ, ಅಪಸ್ಮಾರ' ಎಂದರೆ ಯಾರೆಂದು ತಿಳಿಯದು. ಎಣ್ಮಕಜೆಯ ಒಂದು ವಾರ್ಡಿನಲ್ಲಿ, ಬೆಳ್ಳೂರಿನಲ್ಲಿ, ಕುಂಬ್ಡಾಜೆಯಲ್ಲಿ ಅಷ್ಟು ಹೇಳಿದರೆ ಬಸ್ ಕಾಯುತ್ತಿರುವವರೆಲ್ಲರಿಗೂ ಮನೆ ಯಾವುದೆಂದು ಗೊತ್ತಾಗುತ್ತದೆ. ಗೊತ್ತಾಗದವರಿಗೆ ಪಕ್ಕದಲ್ಲಿದ್ದವರು ಹೇಳುತ್ತಾರೆ. ನಮ್ಮ ಕಡೆ ಮನೆಯ ಹೆಸರು, ಜಾಗದ ಹೆಸರು, ಬಡ್ಸ್ ಶಾಲೆಗೆ (ಬೌದ್ಧಿಕ ಸವಾಲಿರುವ ಮಕ್ಕಳ ವಿಶೇಷ ಶಾಲೆ) ಹೋಗುತ್ತಾಳೆ ಎಂಬ ಒಂದು ವಾಕ್ಯ, ಇವಿಷ್ಟೇ ವಿಳಾಸದ ಕೆಲಸ ಮಾಡುತ್ತವೆ. ಆದ್ದರಿಂದ ಸಂಘದ ಹೊರಗೆ ಹೋಗುವ ಯಾವುದೇ ವರದಿಯಲ್ಲಿ ವಾರ್ಡುವಾರು ಕಾಯಿಲೆಯ ಸಂಖ್ಯೆಯನ್ನು ಕೊಡಬೇಡಿ. ಮೂರು ವಾರ್ಡುಗಳನ್ನು ಒಟ್ಟುಗೂಡಿಸಿ, ಕಾಯಿಲೆಗಳನ್ನೂ 'ದೀರ್ಘಕಾಲದ ಆರೈಕೆ ಬೇಕಾದವರು' ಎಂಬಂಥ ದೊಡ್ಡ ಗುಂಪಿಗೆ ಸೇರಿಸಿ, ಯಾವುದೇ ಲೆಕ್ಕ ಐದಕ್ಕಿಂತ ಕಡಿಮೆ ಬಂದರೆ ಅದನ್ನು ಇನ್ನೊಂದರಲ್ಲಿ ಕರಗಿಸಿ.

ಎಂಡೋಸಲ್ಫಾನಿನ ವಿಚಾರದಲ್ಲಿ ಇದು ಇನ್ನಷ್ಟು ತೊಡಕಿನದು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ನಡೆದ ಸಿಂಪಡಣೆ 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಗಳಿಗೆ ತಡೆ ಹಾಕಿತು. 2017ರ ಜನವರಿ 10ರಂದು ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆ ಹಣಕ್ಕಾಗಲಿ ಉಚಿತ ಚಿಕಿತ್ಸೆಗಾಗಲಿ ಸರಕಾರದ ಪಟ್ಟಿಯಲ್ಲಿ ಹೆಸರಿರಬೇಕು. ಪಟ್ಟಿಯಲ್ಲಿ ಹೆಸರು ಸೇರಿಸಿ ಎಂದು ತಾಯಂದಿರು ವರ್ಷಗಟ್ಟಲೆ ಅಲೆದ ನಾಡು ಇದು. ಅದೇ ತಾಯಿ, ದೊಡ್ಡ ಮಗಳಿಗೆ ಸಂಬಂಧ ನೋಡಲು ಬಂದವರ ಎದುರಿನಲ್ಲಿ ಆ ಪಟ್ಟಿಯ ಮಾತು ಬಾರದಿರಲಿ ಎಂದು ಬಯಸುತ್ತಾಳೆ. ಎರಡೂ ಒಂದೇ ಮನೆಯ ನ್ಯಾಯವಾದ ಬೇಡಿಕೆಗಳು, ಒಂದಕ್ಕೊಂದು ವಿರೋಧವೂ ಅಲ್ಲ: ಸರಕಾರಕ್ಕೆ ತಿಳಿಯಲೆಂದು ಕೊಟ್ಟ ಮಾಹಿತಿ ಸರಕಾರದಲ್ಲಿಯೇ ಇರಲಿ, ಸಂಘಕ್ಕೆ ಔಷಧ ತರಲೆಂದು ಕೊಟ್ಟದ್ದು ಔಷಧ ತರುವವನಲ್ಲಿಯೇ ಇರಲಿ, ಅಷ್ಟೆ. ಔಷಧ ತರುವವನಿಗೂ ಬೇಕಾಗಿರುವುದು ಚೀಟಿ, ಕಾಯಿಲೆಯ ಹೆಸರಲ್ಲ.

ಫೋಟೋಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿಯೇ ಇದೆ. ಇಲ್ಲಿನ ಮಕ್ಕಳ ಚಿತ್ರಗಳನ್ನು ನೋಡಿಯೇ ಹೊರಗಿನ ಲೋಕ ಈ ದುರಂತವನ್ನು ನಂಬಿತು ಎಂಬುದನ್ನು ನಾನು ಮರೆತಿಲ್ಲ; ಆ ಹೋರಾಟಕ್ಕೆ ಚಿತ್ರಗಳು ಬೇಕಾಗಿದ್ದವು. ಆದರೆ ಹೋರಾಟಕ್ಕೆ ತೆಗೆದ ಚಿತ್ರವನ್ನು ಅಕ್ಕಿ ಚೀಲದ ಲೆಕ್ಕಕ್ಕೆ ಹೋಲಿಸಲಾಗದು. ಹತ್ತು ಕಿಲೋ ಕುಚ್ಚಲಕ್ಕಿ ಕೊಡುವಾಗ, ಹಾಸಿಗೆಯಲ್ಲಿರುವ ಮಗನನ್ನು ಎತ್ತಿ ಕೂರಿಸಿ, ಎರಡೂ ಬದಿಯಲ್ಲಿ ಸಂಘದವರು ನಿಂತು ತೆಗೆಸಿಕೊಂಡ ಫೋಟೋದಿಂದ ಆ ಮನೆಗೆ ಏನೂ ದಕ್ಕುವುದಿಲ್ಲ. ಹಲವು ಫೋನುಗಳು ಫೋಟೋದೊಳಗೆ ಅದನ್ನು ತೆಗೆದ ಜಾಗದ ಗುರುತನ್ನೂ ಅಡಗಿಸಿಡುತ್ತವೆ. ಕ್ಯಾಮರಾದ ಸೆಟ್ಟಿಂಗಿನಲ್ಲಿ ಅದನ್ನು ನಿಲ್ಲಿಸದಿದ್ದರೆ, ಮೂಲ ಫೈಲನ್ನು ಇಮೇಲಿನಲ್ಲಿ ಕಳುಹಿಸಿದಾಗ ಮನೆಯಂಗಳದ ವಿಳಾಸವೂ ಅದರೊಡನೆ ಹೋಗಬಹುದು. ಕಟ್ಟಿಟ್ಟ ಕಿಟ್ಟುಗಳ ಸಾಲು, ಚೀಲ ಹೊರುವ ಕಾರ್ಯಕರ್ತರು, ಕೊಡುವ ಕೈ, ಪಡೆಯುವ ಕೈ ಇವುಗಳ ಚಿತ್ರ ದಾನಿಗೆ ಧಾರಾಳ ಸಾಕು.

ಒಪ್ಪಿಗೆ ಪಡೆದು ಫೋಟೋ ತೆಗೆದರೆ ಆಗದೇ ಎಂದು ನೀವು ಕೇಳಬಹುದು. ಆಗುತ್ತದೆ, ಆದರೆ ಒಪ್ಪಿಗೆ ಎಂಬುದನ್ನು ನಾವು ಬಹಳ ಅಗ್ಗ ಮಾಡಿಬಿಟ್ಟಿದ್ದೇವೆ. ಅಕ್ಕಿ ಚೀಲವನ್ನು ಜಗಲಿಯಲ್ಲಿಟ್ಟು "ಫೋಟೋ ತೆಗೆಯಬಹುದಲ್ಲ ಅಕ್ಕಾ?" ಎಂದು ಕೇಳಿದರೆ ಬೇಡವೆನ್ನುವ ಧೈರ್ಯ ಎಷ್ಟು ಮಂದಿಗೆ ಇದ್ದೀತು? ಆದ್ದರಿಂದ ಸಾಮಾನು ಕೊಡುವ ದಿನ ಒಪ್ಪಿಗೆ ಕೇಳಬೇಡಿ. ಬೇರೊಂದು ದಿನ, ಕೈಯಲ್ಲಿ ಏನೂ ಇಲ್ಲದೆ ಹೋಗಿ, ಇಲ್ಲವೆಂದರೂ ಮುಂದಿನ ತಿಂಗಳ ಕಿಟ್ ತಪ್ಪುವುದಿಲ್ಲವೆಂದು ಮೊದಲೇ ಹೇಳಿ, ಆಮೇಲೆ ಕೇಳಿ. ನೀವು ಕೇಳಿದ ಎಲ್ಲರೂ ಹೌದೆಂದರೆ ನಿಮ್ಮ ಕೇಳುವ ರೀತಿಯಲ್ಲಿಯೇ ಏನೋ ತಪ್ಪಿದೆ ಎಂದು ತಿಳಿಯಿರಿ.

ಗಡಿಯ ಈ ಜಿಲ್ಲೆಯಲ್ಲಿ ಭಾಷೆಯೂ ಇದರೊಳಗೆ ಬರುತ್ತದೆ. ಕಚೇರಿಯ ಅರ್ಜಿ ಮಲಯಾಳದಲ್ಲಿ, ದೇರಳಕಟ್ಟೆಯ ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ಓದು ಬಂದವರಿಗೆ ಬರುವ ಓದು ಕನ್ನಡದಲ್ಲಿ, ಮನೆಯ ಮಾತು ತುಳು, ಬ್ಯಾರಿ, ಮರಾಠಿ ಅಥವಾ ಕೊಂಕಣಿಯಲ್ಲಿ. ಅರ್ಥವಾಗದ ಕಾಗದದ ಕೆಳಗೆ ಸಹಿ ಹಾಕಿಯೇ ಬದುಕಿದವರು ನಾವು. ಬಾಂಗ್ಲಾದೇಶದ ಶಿಬಿರಗಳಲ್ಲಿ ರೋಹಿಂಗ್ಯಾ ನಿರಾಶ್ರಿತರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಸಂಗ್ರಹಿಸಿದ ವಿವರಗಳು, ಅವರು ಯಾರಿಂದ ತಪ್ಪಿಸಿಕೊಂಡು ಬಂದಿದ್ದರೋ ಆ ಮ್ಯಾನ್ಮಾರ್ ಸರಕಾರಕ್ಕೇ ತಲಪಿದವು ಎಂದು ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ಆರೋಪಿಸಿತು. ಒಪ್ಪಿಗೆ ಪಡೆದಿದ್ದೇವೆ ಎಂದು ಆ ಸಂಸ್ಥೆ ಉತ್ತರಿಸಿತು. ನಿರಾಶ್ರಿತರ ಕೈಯಲ್ಲಿದ್ದ ರಸೀದಿ ಮಾತ್ರ ಇಂಗ್ಲಿಷಿನಲ್ಲಿತ್ತು, ವಿಚಾರಿಸಿದವರಲ್ಲಿ ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟೇ ಇದ್ದರು. ನಮ್ಮ ಹೊಸ ಕಾಯ್ದೆಯು ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆಯನ್ನು ಜನರಿಗೆ ಕೊಟ್ಟಿದೆ. ಕನ್ನಡ, ಮಲಯಾಳ, ಕೊಂಕಣಿ, ಮರಾಠಿ ಅಲ್ಲಿವೆ. ತುಳುವೂ ಬ್ಯಾರಿಯೂ ಇಲ್ಲ. (ತುಳುವನ್ನು ಅಲ್ಲಿ ಸೇರಿಸಬೇಕೆಂಬ ಬೇಡಿಕೆಗೆ ಇದೂ ಒಂದು ಕಾರಣವೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.) ನೀವು ಕನ್ನಡದಲ್ಲಿ ಆರೇಳು ಸಾಲಿನ ಒಂದು ಚೀಟಿಯನ್ನು ಅಚ್ಚು ಹಾಕಿಸಿ: ಏನು ಕೇಳುತ್ತಿದ್ದೇವೆ, ಯಾಕೆ, ಯಾರು ನೋಡುತ್ತಾರೆ, ಎಷ್ಟು ಕಾಲ ಇಡುತ್ತೇವೆ, ಬೇಡವೆಂದರೆ ಯಾರಿಗೆ ಹೇಳಬೇಕು. ಮನೆಯ ಭಾಷೆಯಲ್ಲಿ ಅದನ್ನು ಬಾಯಿಯಲ್ಲಿ ಹೇಳಬಲ್ಲವರನ್ನೇ ಆ ಮನೆಗೆ ಕಳುಹಿಸಿ. ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆ ಬೇಕು. ವಿಕಲಚೇತನರಿಗೆ ಕಾನೂನುಬದ್ಧ ಪೋಷಕರಿದ್ದರೆ ಅವರ ಒಪ್ಪಿಗೆ ಬೇಕು.

ಕಾನೂನಿನ ಪ್ರಶ್ನೆಗೆ ಉತ್ತರ ಚಿಕ್ಕದು: ಹೌದು, ಅನ್ವಯಿಸುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ನಿಮಗೆ ಸಂಬಂಧಿಸಿದ ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಿನಲ್ಲಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಒಬ್ಬ ವ್ಯಕ್ತಿಯು ಮನೆಯ ಉಪಯೋಗಕ್ಕೆ ಇಟ್ಟುಕೊಂಡ ವಿವರಕ್ಕೆ ಮಾತ್ರ ವಿನಾಯಿತಿ. ನೋಂದಣಿಯಾಗಲಿ ಆಗದಿರಲಿ, ಸಂಘವು ಕಾಯ್ದೆಯ ಒಳಗೇ ಬರುತ್ತದೆ. ಕಾಗದದಲ್ಲಿಯೇ ಉಳಿದ ಪುಸ್ತಕಕ್ಕೆ ಇದು ತಟ್ಟುವುದಿಲ್ಲ, ಅದನ್ನು ಫೋನಿಗೋ ಕಂಪ್ಯೂಟರಿಗೋ ಏರಿಸಿದ ಕೂಡಲೇ ತಟ್ಟುತ್ತದೆ. ವಿಕೋಪದ ಹೊತ್ತಿನಲ್ಲಿ ಜನರನ್ನು ಕಾಪಾಡಲು, ನೆರವು ತಲಪಿಸಲು ಒಪ್ಪಿಗೆಗಾಗಿ ಕಾಯಬೇಕಾಗಿಲ್ಲವೆಂದು ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. ರಾತ್ರಿ ಹೊಳೆ ತುಂಬಿ ದೋಣಿ ಕಳುಹಿಸುವಾಗ ಅಜ್ಜನಿಗೆ ಸಕ್ಕರೆ ಕಾಯಿಲೆಯಿದೆ ಎಂದು ದೋಣಿಯವನಿಗೆ ಹೇಳಲು ಯಾರ ಸಹಿಯೂ ಬೇಡ. ಆದರೆ ನೀರು ಇಳಿದು ಮೂರು ತಿಂಗಳಾದ ಮೇಲೆ ಅದೇ ಪಟ್ಟಿಯನ್ನು ದಾನಿಗೆ ಕಳುಹಿಸಲು ಆ ವಿನಾಯಿತಿ ಒದಗದು. ದಂಡದ ಗರಿಷ್ಠ ಮೊತ್ತ 250 ಕೋಟಿ ರೂಪಾಯಿ ಎಂಬುದನ್ನು ಕೇಳಿ ಹೆದರಬೇಡಿ. ತಪ್ಪಿನ ಸ್ವರೂಪ ಮತ್ತು ಗಾತ್ರ ನೋಡಿ ಅದನ್ನು ನಿರ್ಧರಿಸಬೇಕೆಂದು ಕಾಯ್ದೆಯಲ್ಲಿಯೇ ಇದೆ. ಕಾಯ್ದೆ ಬರುವ ಮೊದಲೂ ಹಾದಿ ಸ್ಪಷ್ಟವಾಗಿಯೇ ಇತ್ತು: ಕೋವಿಡ್ ರೋಗಿಗಳ ಮಾಹಿತಿಯನ್ನು ಒಂದು ಅಮೆರಿಕನ್ ಕಂಪನಿಯ ಮೂಲಕ ವಿಶ್ಲೇಷಿಸಲು ಹೊರಟಾಗ, ಗುರುತು ತೆಗೆಯದೆ ಕೊಡಬಾರದು, ಹೊರಗಿನ ಕಂಪನಿ ನೋಡಬಹುದೆಂದು ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ಕೇರಳ ಹೈಕೋರ್ಟು 2020ರ ಏಪ್ರಿಲಿನಲ್ಲಿಯೇ ಹೇಳಿತ್ತು.

ಇನ್ನು ಪಟ್ಟಿಯನ್ನು ಇಡುವ ಕ್ರಮ. ನನ್ನ ಮಟ್ಟಿಗೆ 140 ಮನೆಗಳಿಗೆ ಗೂಗಲ್ ಶೀಟೇ ಬೇಡ. ಎರಡು ಪುಸ್ತಕ ಸಾಕು. ಒಂದರಲ್ಲಿ ಕ್ರಮಸಂಖ್ಯೆ ಮತ್ತು ಏನೇನು ಕೊಡಬೇಕೆಂಬುದು, ಇನ್ನೊಂದರಲ್ಲಿ ಅದೇ ಕ್ರಮಸಂಖ್ಯೆಗೆ ಹೆಸರು ಮತ್ತು ಮನೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ. ಶೀಟು ಬೇಕೇ ಬೇಕೆಂದಾದರೆ ಇದೇ ವಿಭಜನೆಯನ್ನು ಅಲ್ಲಿಯೂ ಮಾಡಿ, ಲಿಂಕಿನ ವ್ಯವಸ್ಥೆಯನ್ನು ಮುಚ್ಚಿ, ಮೂವರ ಇಮೇಲಿಗೆ ಮಾತ್ರ ಪ್ರವೇಶ ಕೊಡಿ, ಆ ಮೂವರೂ ತಮ್ಮ ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಹಾಕಿಕೊಳ್ಳಲಿ. ವಿತರಣೆಯ ದಿನ ಆಯಾ ಕಾರ್ಯಕರ್ತರಿಗೆ ಅವರು ಹೋಗಬೇಕಾದ ಹತ್ತು ಹನ್ನೆರಡು ಮನೆಗಳ ಚೀಟಿಯನ್ನಷ್ಟೇ ಕೊಟ್ಟು ಸಂಜೆ ಹಿಂದಕ್ಕೆ ಪಡೆಯಿರಿ. ವಾಟ್ಸಾಪ್ ಗುಂಪು 'ನಾಳೆ ಎಂಟು ಗಂಟೆಗೆ ಭಜನಾ ಮಂದಿರದ ಬಳಿ ಸೇರುವುದು' ಎಂಬುದಕ್ಕೆ ಇರಲಿ. ಅದರಲ್ಲಿ 24 ಗಂಟೆಯಲ್ಲಿ ಸಂದೇಶ ಅಳಿದುಹೋಗುವ ಸೌಲಭ್ಯವಿದೆ. ಹಾಕಿಕೊಳ್ಳಿ, ಆದರೆ ಅದನ್ನು ನೆಚ್ಚಬೇಡಿ, ಸ್ಕ್ರೀನ್‌ಶಾಟ್ ಅಳಿಯುವುದಿಲ್ಲ.

ಕಂಪನಿಯವರಿಗೆ ಏನೆಂದು ಬರೆಯಬೇಕು? ಅವರಿಗೆ ಬೇಕಾಗಿರುವುದು ಹೆಸರುಗಳಲ್ಲ, ಹಣ ಸರಿಯಾದ ಕಡೆಗೆ ಹೋಯಿತೆಂಬ ನಂಬಿಕೆ, ಮತ್ತು ಅವರ ಲೆಕ್ಕಪರಿಶೋಧಕರಿಗೆ ತೋರಿಸಲು ಒಂದು ದಾಖಲೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಸಾಮಾಜಿಕ ಹೊಣೆಗಾರಿಕೆಯ ಖರ್ಚಿನ ಬಗ್ಗೆ ಹೇಳುತ್ತದೆಯೇ ಹೊರತು, ಫಲಾನುಭವಿಗಳ ಆಧಾರ್ ಪ್ರತಿ ಪಡೆಯಬೇಕೆಂದು ಹೇಳುವುದಿಲ್ಲ. ಹಾಗೆ ನಿಯಮವಿದೆ ಎಂದು ಅವರು ಹೇಳಿದರೆ ಯಾವ ನಿಯಮವೆಂದು ವಿನಯದಿಂದಲೇ ಬರೆದು ಕೇಳಿ. ಹೆಚ್ಚಿನ ವೇಳೆ ಅದು ಅವರ ಕಚೇರಿಯ ಹಳೆಯ ನಮೂನೆಯೊಂದರ ಕಲಮಾಗಿರುತ್ತದೆ. ಒಟ್ಟು ಮನೆಗಳ ಸಂಖ್ಯೆ, ಖರೀದಿಯ ಬಿಲ್ಲುಗಳು, ತಿಂಗಳ ವಿತರಣೆಯ ಲೆಕ್ಕ, ನಿಮ್ಮ ಲೆಕ್ಕಪರಿಶೋಧಕರ ಪ್ರಮಾಣಪತ್ರ ಇವಿಷ್ಟನ್ನು ಕೊಡಿ. ಅದಕ್ಕೂ ತೃಪ್ತಿಯಾಗದಿದ್ದರೆ, ಅವರ ಪ್ರತಿನಿಧಿ ನಿಮ್ಮ ಕಚೇರಿಗೆ ಬಂದು, ತಾವೇ ಆರಿಸಿದ ಹತ್ತು ಕ್ರಮಸಂಖ್ಯೆಗಳ ದಾಖಲೆಯನ್ನು, ಆ ಮನೆಯವರು ಒಪ್ಪಿದರೆ, ನಿಮ್ಮೆದುರು ನೋಡಿ ಹೋಗಲಿ. ಪ್ರತಿ ಬೇಡ, ಫೋಟೋ ಬೇಡ. ನನ್ನ ಅನುಭವದಲ್ಲಿ ಒಂದು ದಾನಿ ಸಂಸ್ಥೆ ಇದಕ್ಕೆ ಮೊದಲು ಮುಖ ಸಿಂಡರಿಸಿ, ಆಮೇಲೆ ತನ್ನ ನಮೂನೆಯನ್ನೇ ಬದಲಿಸಿತು. ಇನ್ನೊಂದು ಹಣವನ್ನೇ ಕೊಡಲಿಲ್ಲ. ಎರಡನೆಯದೂ ಆಗಬಹುದು, ಸಮಿತಿ ಅದಕ್ಕೆ ಮೊದಲೇ ಮನಸ್ಸು ಮಾಡಿರಬೇಕು.

ಹಳೆಯ ಕಾಗದಗಳನ್ನು ಮರೆಯಬೇಡಿ. ಕೆಲವು ವರ್ಷಗಳ ಹಿಂದೆ ಒಂದು ಪೇಟೆಯಲ್ಲಿ ಬಸ್ಸಿಗೆ ಕಾಯುತ್ತಾ ಕೊಂಡ ಹುರಿಗಡಲೆಯ ಪೊಟ್ಟಣವನ್ನು ಬಿಡಿಸಿ ನೋಡಿದರೆ, ಅದು ಯಾರದೋ ಚಿಕಿತ್ಸಾ ಸಹಾಯದ ಅರ್ಜಿಯ ಎರಡನೆಯ ಪುಟವಾಗಿತ್ತು: ಮನೆಯ ಹೆಸರು, ಗಂಡನ ಕಾಯಿಲೆ, ಬ್ಯಾಂಕ್ ಖಾತೆ, ಎಲ್ಲವೂ. ಕಚೇರಿ ಗುಡಿಸಿದ ಯಾರೋ ಕಟ್ಟುಗಟ್ಟಲೆ ಗುಜರಿಗೆ ಕೊಟ್ಟಿದ್ದರು. ಲೆಕ್ಕದ ವೋಚರು, ಬಿಲ್ಲುಗಳನ್ನು ತೆರಿಗೆಯ ನಿಯಮ ಹೇಳುವಷ್ಟು ವರ್ಷ ಇಡಲೇಬೇಕು. ಎಷ್ಟೆಂದು ನಿಮ್ಮ ಲೆಕ್ಕಪರಿಶೋಧಕರು ಹೇಳುತ್ತಾರೆ. ಆಧಾರ್ ಪ್ರತಿ, ಆಸ್ಪತ್ರೆಯ ಚೀಟಿಗಳಿಗೆ ಆ ಕಾರಣವಿಲ್ಲ. ಮನೆಯವರಿಗೆ ಹಿಂದಿರುಗಿಸಬಹುದಾದದ್ದನ್ನು ಹಿಂದಿರುಗಿಸಿ, ಉಳಿದುದನ್ನು ಇಬ್ಬರ ಎದುರು ಬಚ್ಚಲಿನ ಒಲೆಗೆ ಹಾಕಿ, ಹಾಕಿದ ದಿನಾಂಕವನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಶೀಟನ್ನು ಅಳಿಸಿದ ಮೇಲೆ ಗೂಗಲಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕು.

ಈ ವಾರದಲ್ಲಿಯೇ ಆಗಬೇಕಾದ ಕೆಲಸ ಒಂದಿದೆ. ಲಿಂಕನ್ನು ಮುಚ್ಚಿದ ಕೂಡಲೇ ಪಟ್ಟಿಯಲ್ಲಿರುವ 140 ಮನೆಗಳಿಗೂ ಹೋಗಿ, ನಮ್ಮಲ್ಲಿದ್ದ ನಿಮ್ಮ ವಿವರ ಹೊರಗೆ ಹೋಗಿರಬಹುದು ಎಂದು ನೇರವಾಗಿ ಹೇಳಿ. ಸಂಘದ ಮರ್ಯಾದೆ ಹೋಗುತ್ತದೆ ಎಂಬ ಮಾತು ಸಮಿತಿಯಲ್ಲಿ ಬಂದೇ ಬರುತ್ತದೆ. ಆದರೆ ವಿಷಯ ತಿಳಿಯದ ಮನೆಯವರು ಮುಂದಿನ ಕರೆಗೂ ಒಟಿಪಿ ಹೇಳುತ್ತಾರೆ. ಸರಕಾರವಾಗಲಿ ಸಂಘವಾಗಲಿ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲವೆಂದು ತಿಳಿಸಿ, ಆಧಾರಿನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವನ್ನು ಅಕ್ಷಯ ಕೇಂದ್ರದಲ್ಲಿ ಮಾಡಿಸಿಕೊಳ್ಳಲು ನೆರವಾಗಿ. ಬೆರಳು ಒತ್ತಿ ಪಿಂಚಣಿ, ರೇಷನ್ ಪಡೆಯುವವರು ಆ ಹೊತ್ತಿಗೆ ಬೀಗ ತೆರೆಯಬೇಕಾಗುತ್ತದೆ ಎಂಬುದನ್ನೂ ಹೇಳಿ, ಇಲ್ಲದಿದ್ದರೆ ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ಬಂದಾರು. ಹಣ ಕಳೆದುಕೊಂಡ ತಾಯಿಯನ್ನು ಮೊದಲು ಕಾಣಿರಿ: ಇದುವರೆಗೆ ದೂರು ಕೊಟ್ಟಿಲ್ಲವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಬ್ಯಾಂಕಿಗೆ ಬರೆದುಕೊಡಿಸಿ, ಪೊಲೀಸ್ ಠಾಣೆಗೆ ಅವರ ಜೊತೆಯಲ್ಲಿ ಹೋಗಿ. ಇಷ್ಟು ತಡವಾದ ಮೇಲೆ ಹಣ ಹಿಂದೆ ಬರುವುದು ಕಷ್ಟ. ಆ 8,000 ರೂಪಾಯಿಯನ್ನು ಸಂಘವೇ ತುಂಬಿಕೊಡಬೇಕೇ ಎಂದು ನೀವು ಕೇಳಿಲ್ಲ. ಕೇಳಿದ್ದರೆ ಕೊಡಬೇಕು ಎಂದೇ ಹೇಳುತ್ತಿದ್ದೆ.